ಮೊದಲ ಸೀಸನ್ನಿಗೆ ತಯಾರಾಗುತ್ತಿರುವ ರೇಸ್ ಕುದುರೆಯಲ್ಲಿ ಪಾಲು ತೆಗೆದುಕೊಳ್ಳಬಹುದಾ?

ನಿಮ್ಮ ಪ್ರಶ್ನೆ ಇದು: ಪುಣೆಯಲ್ಲಿ ಕೆಲಸದಲ್ಲಿದ್ದೀರಿ. ಕನ್ನಡದ ಗೆಳೆಯರು ಕೆಲವರು ಸೇರಿ ಎರಡು ವರ್ಷದ ಹೆಣ್ಣು ಕುದುರೆಯೊಂದನ್ನು ಕೊಳ್ಳುತ್ತಿದ್ದಾರೆ. ಹತ್ತರಲ್ಲಿ ಒಂದು ಪಾಲು ನಿಮಗೆ ಕೊಡುತ್ತಾರಂತೆ. ನವೆಂಬರ್‌ಗೆ ಮುಂಬೈಯಲ್ಲಿ ಓಡಿಸುತ್ತೇವೆ ಅಂದಿದ್ದಾರೆ. ಸೇರಬಹುದಾ, ಏನು ನೋಡಬೇಕು ಅಂತ ಕೇಳಿದ್ದೀರಿ.

ಸೇರಬಹುದು. ಆದರೆ ಪಾಲಿನ ಬೆಲೆ ಎಷ್ಟು ಅಂತ ಕೇಳುವ ಮೊದಲು ಬೇರೆ ಎರಡು ವಿಷಯ ಕೇಳಿ. ತಿಂಗಳ ಖರ್ಚು ಯಾರು, ಯಾವ ತಾರೀಕಿನೊಳಗೆ ಕಟ್ಟುತ್ತಾರೆ? ಕುದುರೆ ಓಡಬೇಕಾ ಬೇಡವಾ ಅನ್ನುವುದನ್ನು ಯಾರು ತೀರ್ಮಾನ ಮಾಡುತ್ತಾರೆ? ಈ ಎರಡಕ್ಕೂ ಸರಿಯಾದ ಉತ್ತರ ಇಲ್ಲದೆ ಶುರುವಾದ ಪಾಲುದಾರಿಕೆಯಲ್ಲಿ ಕೊನೆಗೆ ಪೆಟ್ಟು ಬೀಳುವುದು ಕುದುರೆಗೆ. ನಾನೂ ಪುಣೆಯಲ್ಲೇ ಇದ್ದೇನೆ. ನಾವು ಕೆಲವು ಕನ್ನಡದವರು ಸೇರಿ ಒಂದು ಹೆಣ್ಣು ಮರಿಯನ್ನು ಇಟ್ಟುಕೊಂಡಿದ್ದೇವೆ. ಅವಳಿಗೂ ಇದು ಮೊದಲ ಸೀಸನ್. ಹಾಗಾಗಿ ಈ ವಿಷಯ ದಿನಾ ತಲೆಯಲ್ಲಿ ಓಡುತ್ತಿರುತ್ತದೆ.

ಮೊದಲು ವಯಸ್ಸಿನ ಲೆಕ್ಕ ನೋಡಿ. ನಮ್ಮ ದೇಶದಲ್ಲಿ ರೇಸ್ ಕುದುರೆಗಳಿಗೆಲ್ಲ ಜನವರಿ 1ರಂದೇ ಒಂದು ವರ್ಷ ಸೇರುತ್ತದೆ. ಜನವರಿಯಲ್ಲಿ ಹುಟ್ಟಿದ ಮರಿಯೂ ಮೇ ತಿಂಗಳಲ್ಲಿ ಹುಟ್ಟಿದ ಮರಿಯೂ ಕಾಗದದಲ್ಲಿ ಒಂದೇ ವಯಸ್ಸು. ಮೈಯಲ್ಲಿ ಮಾತ್ರ ನಾಲ್ಕು ತಿಂಗಳ ವ್ಯತ್ಯಾಸ. ದೊಡ್ಡ ಕುದುರೆಗಳಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಎರಡು ವರ್ಷದ ಮರಿಯಲ್ಲಿ ಜಾಸ್ತಿನೇ ಬರುತ್ತದೆ. ಆದ್ದರಿಂದ ನಿಮ್ಮ ಕುದುರೆ ಹುಟ್ಟಿದ ತಾರೀಕು ಕೇಳಿ. ಅವಳ ಪಾಸ್‌ಪೋರ್ಟಿನಲ್ಲಿ, ಅಂದರೆ ಕುದುರೆಯ ಗುರುತಿನ ಪುಸ್ತಕದಲ್ಲಿ ಇರುತ್ತದೆ. ಭಾರತದ ಥರೋಬ್ರೆಡ್, ಅಂದರೆ ರೇಸ್ ತಳಿಯ, ಕುದುರೆಗಳ ವಂಶಾವಳಿ ಬರೆದಿಡುವ ಸ್ಟಡ್ ಬುಕ್ ಕಚೇರಿ ನಮ್ಮ ಪುಣೆಯಲ್ಲೇ ಇದೆ. ತಂದೆ ಯಾರು, ತಾಯಿ ಯಾರು, ಮರಿ ಹುಟ್ಟಿ ಬೆಳೆದ ಸ್ಟಡ್ ಫಾರಂ ಯಾವುದು ಅನ್ನುವುದರಲ್ಲಿ ಮುಚ್ಚುಮರೆ ಇರುವುದಿಲ್ಲ. ನಮ್ಮ ಕಡೆ ಕುಣಿಗಲ್‌ನಲ್ಲಿ, ಇಲ್ಲಿ ಪುಣೆಯ ಸುತ್ತ, ಇನ್ನೂ ಹಲವು ಕಡೆ ಸ್ಟಡ್ ಫಾರಂಗಳಿವೆ. ಒಂದೊಂದರ ಮರಿಗಳೂ ಒಂದೊಂದು ರೀತಿ ಬೆಳೆಯುತ್ತವೆ ಅಂತ ಲಾಯದವರು ಹೇಳುತ್ತಾರೆ.

ಹುಟ್ಟಿದ ತಾರೀಕಿಗಿಂತ ಮುಖ್ಯವಾದದ್ದು ಮೊಣಕಾಲು. ಮುಂಗಾಲಿನ ಮೊಣಕಾಲಿನ ಮೇಲೆ ಮೂಳೆ ಇನ್ನೂ ಬೆಳೆಯುತ್ತಿರುವ ಒಂದು ಜಾಗ ಇರುತ್ತದೆ. ಸುಮಾರು ಎರಡರಿಂದ ಎರಡೂವರೆ ವರ್ಷದ ಹೊತ್ತಿಗೆ ಅದು ಕೂಡಿಕೊಳ್ಳುತ್ತದೆ. ಅದು ಕೂಡಿದೆಯಾ ಅಂತ ಎಕ್ಸ್‌ರೇ ತೆಗೆದು ನೋಡುತ್ತಾರೆ. 'ಮೊಣಕಾಲು ಇನ್ನೂ ಓಪನ್ ಇದೆ' ಅಂತ ಡಾಕ್ಟರ್ ಅಂದರೆ ಜೋರು ಓಟಕ್ಕೆ ಇನ್ನೂ ಕಾಯಬೇಕು ಅಂತಲೇ ಅರ್ಥ. ಎಷ್ಟು ಆಸೆ ಇದ್ದರೂ ಅಲ್ಲಿ ಮಾತು ಮುಗಿಯಿತು.

ಆಮೇಲೆ ಮೊಣಕಾಲಿನ ಕೆಳಗಿನ ಉದ್ದ ಮೂಳೆ. ಎಳೆ ಕುದುರೆಗಳಿಗೆ ಅತಿ ಜಾಸ್ತಿ ಬರುವ ತೊಂದರೆ ಇಲ್ಲಿನದೇ, ಶಿನ್ ನೋವು ಅನ್ನುತ್ತಾರೆ. ವೇಗದ ಓಟ ಶುರುವಾದಾಗ ಆ ಮೂಳೆಯ ಮುಂಭಾಗಕ್ಕೆ ಹೊಸ ಒತ್ತಡ ಬೀಳುತ್ತದೆ. ಮೂಳೆ ಆ ಒತ್ತಡಕ್ಕೆ ತಕ್ಕಂತೆ ಗಟ್ಟಿಯಾಗುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಅವಸರ ಮಾಡಿದರೆ ಮುಂಭಾಗ ಊದಿಕೊಂಡು, ಬೆರಳಿಟ್ಟರೆ ಕುದುರೆ ಕಾಲು ಎಳೆದುಕೊಳ್ಳುತ್ತದೆ. ಆಗ ವಾರಗಟ್ಟಲೆ ವಿಶ್ರಾಂತಿ. ಇಲ್ಲಿ ತಿಳಿದುಕೊಳ್ಳಬೇಕಾದ ಒಂದು ಮಾತಿದೆ. ಬರೀ ನಿಧಾನದ ಓಟವನ್ನೇ ತಿಂಗಳುಗಟ್ಟಲೆ ಕೊಟ್ಟರೂ ಮೂಳೆ ರೇಸಿಗೆ ತಯಾರಾಗುವುದಿಲ್ಲ. ಸ್ವಲ್ಪ ದೂರ, ಸ್ವಲ್ಪ ವೇಗವಾಗಿ, ನಡುವೆ ಬಿಡುವು ಕೊಟ್ಟು ಓಡಿಸಬೇಕು. ಆ ಅಳತೆ ಗೊತ್ತಿರುವವರೇ ಒಳ್ಳೆಯ ಟ್ರೇನರ್. ನಿಮ್ಮ ಗೆಳೆಯರು ಯಾವ ಟ್ರೇನರ್ ಹತ್ತಿರ ಇಡುತ್ತಾರೆ ಅಂತ ಕೇಳಿ. ಅವರು ಎಷ್ಟು ರೇಸ್ ಗೆದ್ದಿದ್ದಾರೆ ಅನ್ನುವುದಕ್ಕಿಂತ, ಎರಡು ವರ್ಷದಲ್ಲಿ ಓಡಿದ ಅವರ ಕುದುರೆಗಳು ನಾಲ್ಕು, ಐದು ವರ್ಷಕ್ಕೂ ಓಡುತ್ತಿವೆಯಾ ಅಂತ ನೋಡಿ. ಹಳೆಯ ರೇಸ್ ಕಾರ್ಡುಗಳಲ್ಲಿ ಸಿಗುತ್ತದೆ.

ಈಗ ನಿಮ್ಮ ಕುದುರೆ ಯಾವ ಹಂತದಲ್ಲಿದೆ ಅಂತಲೂ ತಿಳಿದುಕೊಳ್ಳಿ. ಫಾರಂನಿಂದ ಬಂದ ಮರಿಗೆ ಬೆನ್ನ ಮೇಲೆ ಏನಿದ್ದರೂ ಭಯ. ಮೊದಲು ಬಾಯಿಗೆ ಕಡಿವಾಣ, ಸೊಂಟಕ್ಕೆ ಪಟ್ಟಿ. ಉದ್ದ ಹಗ್ಗ ಹಿಡಿದು ಸುತ್ತು ಹಾಕಿಸುತ್ತಾರೆ. ಹಿಂದೆ ನಡೆದು ಲಗಾಮು ಹಿಡಿದು ಎಡ, ಬಲ ಕಲಿಸುತ್ತಾರೆ. ಆಮೇಲೆ ಜೀನು. ಅದಾದ ಮೇಲೆ ಹುಡುಗನೊಬ್ಬ ಲಾಯದೊಳಗೇ ಬೆನ್ನ ಮೇಲೆ ಹೊಟ್ಟೆ ಊರಿ ಮಲಗಿ ನೋಡುತ್ತಾನೆ, ಒಪ್ಪಿದರೆ ಕಾಲು ಹಾಕಿ ಕೂರುತ್ತಾನೆ. ಇಷ್ಟೂ ಸಮಾಧಾನವಾಗಿ ಆದ ಕುದುರೆ ಮುಂದೆ ಮನುಷ್ಯರನ್ನು ನಂಬುತ್ತದೆ. ಇದೇ ವಯಸ್ಸಿನಲ್ಲಿ ಹಾಲುಹಲ್ಲು ಉದುರಿ ಹೊಸ ಹಲ್ಲು ಬರುವುದರಿಂದ, ಹಲ್ಲು ಬರುವ ಮಗುವಿನ ಹಾಗೆ ಕಡಿವಾಣ ಕಂಡರೆ ಹಟ ಮಾಡುತ್ತವೆ. ಕೆಟ್ಟ ಬುದ್ಧಿ ಅಂತ ಹೊಡೆಯಬಾರದು, ಹಲ್ಲು ನೋಡಿಸಬೇಕು.

ಕೊನೆಯಲ್ಲಿ ಬರುವುದು ಸ್ಟಾರ್ಟಿಂಗ್ ಗೇಟ್. ಇಕ್ಕಟ್ಟಾದ ಕಬ್ಬಿಣದ ಗೂಡಿಗೆ ನಡೆದು ಹೋಗಿ, ನಿಂತು, ಬಾಗಿಲು ಧಡಾರನೆ ತೆರೆದಾಗ ನೇರ ಹೊರಗೆ ಜಿಗಿಯಬೇಕು. ಇದನ್ನು ಒಪ್ಪದ ಕುದುರೆಯನ್ನು ಓಡಲು ಬಿಡುವುದಿಲ್ಲ. ಗೇಟ್ ಅಭ್ಯಾಸ ಆದ ಮೇಲೆ ಮಾಕ್ ರೇಸ್, ಅಂದರೆ ಬಾಜಿ ಇಲ್ಲದ ಅಭ್ಯಾಸದ ರೇಸ್. ಗುಂಪಿನಲ್ಲಿ ಓಡುವುದು, ಮುಂದಿನ ಕುದುರೆ ಎರಚುವ ಮಣ್ಣು ಮುಖಕ್ಕೆ ಬಡಿದರೂ ಹಿಂಜರಿಯದಿರುವುದು, ಇವನ್ನು ಅಲ್ಲಿ ಕಲಿಯುತ್ತವೆ.

ಬೆಳಗಿನ ಓಟದ ವರದಿ ಓದುವುದನ್ನು ಕಲಿಯಿರಿ, ತುಂಬಾ ಸಹಾಯ ಆಗುತ್ತದೆ. '600 ಮೀಟರ್ 42, ಈಸಿ' ಅಂತ ಇದ್ದರೆ 42 ಸೆಕೆಂಡಿನಲ್ಲಿ ಆರಾಮವಾಗಿ ಓಡಿದೆ. '600 ಮೀಟರ್ 38, ಪ್ರೆಸ್ಡ್' ಅಂತ ಇದ್ದರೆ ಸವಾರ ಒತ್ತಾಯ ಮಾಡಿ ಓಡಿಸಿದ್ದಾನೆ. ಹೊಸಬರು ಸೆಕೆಂಡು ಮಾತ್ರ ನೋಡುತ್ತಾರೆ. ಪಕ್ಕದಲ್ಲಿರುವ ಪದವೇ ಜಾಸ್ತಿ ಹೇಳುತ್ತದೆ. ಎಳೆ ಕುದುರೆಯ ಹೆಸರಿನ ಮುಂದೆ ವಾರವಾರವೂ 'ಪ್ರೆಸ್ಡ್' ಕಂಡರೆ ಯಾಕೆ ಅಂತ ಕೇಳುವ ಹಕ್ಕು ಪಾಲುದಾರನಿಗೆ ಇದೆ.

ಇನ್ನೊಬ್ಬರ ಮಾತು ಕೇಳುವುದನ್ನೂ ಕಲಿಯಿರಿ. ಅವರು ಸೈಸ್, ಅಂದರೆ ಲಾಯದಲ್ಲಿ ಕುದುರೆಯ ಆರೈಕೆ ಮಾಡುವವರು. ನಮ್ಮ ಮರಿಯನ್ನು ನೋಡಿಕೊಳ್ಳುವವರು ಕಲಬುರಗಿ ಕಡೆಯವರು. ಓಟ್ಸ್, ಬೂಸಾ, ಕುದುರೆ ಮಸಾಲೆ ಸೊಪ್ಪು ಎಲ್ಲ ಅವರ ಕೈಯಿಂದಲೇ. ಒಂದು ಬೆಳಿಗ್ಗೆ ಅವರು ಟ್ರೇನರ್ ಸಹಾಯಕನಿಗೆ ಹಿಂದಿಯಲ್ಲಿ ಹೇಳಿ, ನಮ್ಮ ಕಡೆ ತಿರುಗಿ, "ರಾತ್ರಿ ಅರ್ಧಾ ಹಂಗೇ ಬಿಟ್ಟಾಳ್ರೀ. ಇವತ್ತ ಜೋರ್ ಓಡ್ಸೂದು ಬ್ಯಾಡ್ರಿ" ಅಂದರು. ಥರ್ಮಾಮೀಟರ್ ಇಟ್ಟು ನೋಡಿದರೆ ಜ್ವರ ಇನ್ನೂ ಶುರುವಾಗುತ್ತಿತ್ತು. ಗೋದಲಿಯಲ್ಲಿ ಉಳಿದ ಮೇವು ಎಲ್ಲಕ್ಕಿಂತ ಮೊದಲು ಸಿಗುವ ಸೂಚನೆ. ಹೊಟ್ಟೆನೋವಿನ ವಿಷಯದಲ್ಲಂತೂ ಇದು ಜೀವದ ಪ್ರಶ್ನೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹಾಗಾಗಿ ಕೋಲಿಕ್ ಬಂದರೆ ಗಂಟೆಗಳ ಲೆಕ್ಕ. ಸೈಸ್‌ಗೆ ಗೌರವ ಕೊಡದ ಲಾಯದಲ್ಲಿ ಕುದುರೆ ಇಡಬೇಡಿ.

ಈಗ ನವೆಂಬರ್ ವಿಷಯ. ಪುಣೆ ಸೀಸನ್ ಮಳೆಗಾಲದ್ದು, ಮುಂಬೈದು ನವೆಂಬರ್‌ನಿಂದ ಬೇಸಿಗೆಯವರೆಗೆ. ಎರಡನ್ನೂ ನಡೆಸುವುದು ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್. ಎರಡು ವರ್ಷದ ಮರಿಗಳು ಸಾಮಾನ್ಯವಾಗಿ ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲೇ ಮೊದಲು ಓಡುತ್ತವೆ, 1000 ಅಥವಾ 1200 ಮೀಟರಿನಂಥ ಕಡಿಮೆ ದೂರ. ಪುಣೆಯಿಂದ ಹೋದವು ಘಾಟಿ ಇಳಿದು ವ್ಯಾನಿನಲ್ಲಿ ಹೋಗಬೇಕು. ಪುಣೆಯ ತಂಪಿನಿಂದ ಮುಂಬೈಯ ಸೆಕೆಗೆ ಹೋದ ಕೆಲವು ಕುದುರೆಗಳಿಗೆ ಬೆವರುವುದೇ ನಿಂತುಹೋಗುತ್ತದೆ. ಲಾಯದಲ್ಲಿ ಇದಕ್ಕೆ ಡ್ರೈ ಕೋಟ್ ಅನ್ನುತ್ತಾರೆ. ಬೆವರದ ಕುದುರೆ ಓಡಿದರೆ ಮೈ ಕಾದು ಅಪಾಯ. ಹೀಗಾಗಿ ಹೋದ ತಕ್ಷಣ ಓಡಿಸುತ್ತೇವೆ ಅನ್ನುವವರ ಮಾತಿಗೆ ತಲೆ ಆಡಿಸಬೇಡಿ.

ನವೆಂಬರ್ ತಪ್ಪಿದರೆ ಏನೂ ಹೋಗುವುದಿಲ್ಲ. ಡಿಸೆಂಬರ್ ಇದೆ, ಜನವರಿ ಇದೆ, ಮಾರ್ಚ್ ಇದೆ. ದೊಡ್ಡ ರೇಸ್‌ಗಳು ಇನ್ನೂ ದೂರ. ಈ ನವೆಂಬರ್‌ಗೆ ಎರಡು ವರ್ಷದವಳಾದರೆ, ಗಿನೀಸ್ ರೇಸ್ ಮುಂದಿನ ವರ್ಷದ ಡಿಸೆಂಬರ್‌ಗೆ. ಇಂಡಿಯನ್ ಡರ್ಬಿ ಅದರ ಮುಂದಿನ ಫೆಬ್ರವರಿಗೆ, 2400 ಮೀಟರ್. ಅಷ್ಟರಲ್ಲಿ ಬೆಳೆಯಲು ಬೇಕಾದಷ್ಟು ಸಮಯ ಇದೆ ಅಲ್ವಾ? ಅಂದಹಾಗೆ, ಹೆಣ್ಣು ಕುದುರೆ ಅಂತ ಯಾರಾದರೂ ಕಡಿಮೆ ಮಾತಾಡಿದರೆ ಕೇಳಿಸಿಕೊಳ್ಳಬೇಡಿ. 1943ರಲ್ಲಿ ಮೊದಲ ಇಂಡಿಯನ್ ಡರ್ಬಿ ಗೆದ್ದ ಪ್ರಿನ್ಸೆಸ್ ಬ್ಯೂಟಿಫುಲ್ ಹೆಣ್ಣು ಕುದುರೆಯೇ, ಬರೋಡ ಮಹಾರಾಜರದು.

ದುಡ್ಡಿನ ಮಾತಿಗೆ ಬರೋಣ. ಕೊಳ್ಳುವ ಬೆಲೆ ಒಂದೇ ಸಲದ್ದು. ಮೇವು, ಲಾಯ, ಟ್ರೇನರ್, ಲಾಳ, ಔಷಧಿ ಸೇರಿ ಪ್ರತಿ ತಿಂಗಳೂ ಹತ್ತಾರು ಸಾವಿರ ಬಿಲ್ ಬರುತ್ತದೆ, ಕುದುರೆ ಓಡಿದರೂ ಸರಿ, ಕಾಲುನೋವಿನಿಂದ ನಿಂತರೂ ಸರಿ. ನಿಮ್ಮ ಪಾಲು ಹತ್ತರಲ್ಲಿ ಒಂದು ಅಂದರೆ ಈ ಬಿಲ್ಲಿನಲ್ಲೂ ಅಷ್ಟು. ಒಬ್ಬ ಪಾಲುದಾರ ಕೊಡುವುದು ನಿಲ್ಲಿಸಿದರೆ ಉಳಿದವರ ಮೇಲೆ ಬೀಳುತ್ತದೆ. ಬಾಕಿ ಉಳಿದರೆ ಕ್ಲಬ್ ಕಡೆಯಿಂದಲೂ ತೊಂದರೆ. ಗೆದ್ದ ದುಡ್ಡು ಪೂರ್ತಿ ಮಾಲೀಕರಿಗೆ ಬರುವುದಿಲ್ಲ, ಟ್ರೇನರ್, ಜಾಕಿ, ಲಾಯದವರ ಪಾಲು ಅದರಲ್ಲೇ ಹೋಗುತ್ತದೆ. ತೆರಿಗೆಯಲ್ಲೂ ಒಂದು ಕಟ್ಟುನಿಟ್ಟು ಇದೆ. ಕುದುರೆ ಇಟ್ಟು ಓಡಿಸಿದ ನಷ್ಟವನ್ನು ಸಂಬಳದಲ್ಲಿ ಕಳೆಯಲು ಬರುವುದಿಲ್ಲ. ಅದೇ ಬಾಬ್ತಿನ ಆದಾಯದ ಎದುರು ಮಾತ್ರ, ಅದೂ ಮುಂದಿನ 4 ವರ್ಷದವರೆಗೆ. ಸಾಲ ಮಾಡಿ ಸೇರುವುದು ಬೇಡವೇ ಬೇಡ. ಮನೆಯ ಖರ್ಚು, ಮಕ್ಕಳ ಫೀಸು ಎಲ್ಲ ತೆಗೆದಿಟ್ಟ ಮೇಲೆ ಉಳಿಯುವ ದುಡ್ಡಿನಲ್ಲಿ ಆಗುವುದಾದರೆ ಮಾತ್ರ ಸೇರಿ.

ಪೂರ್ತಿ ಕೊಳ್ಳುತ್ತಿದ್ದಾರಾ, ಲೀಸ್ ಮೇಲಾ ಅಂತ ಕೇಳಿ. ಹೆಣ್ಣು ಮರಿಗಳನ್ನು ಸ್ಟಡ್ ಫಾರಂಗಳು ಲೀಸ್ ಮೇಲೂ ಕೊಡುತ್ತವೆ. ಓಟ ಮುಗಿದ ಮೇಲೆ ಅವಳು ಮರಿ ಹಾಕಲು ಫಾರಂಗೆ ವಾಪಸ್. ಹೊಸಬರಿಗೆ ಇದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕೈಯಿಂದ ಹೋಗುವ ದುಡ್ಡು ಕಡಿಮೆ, ಮುಂದಿನ ಬದುಕಿಗೂ ಅವಳಿಗೆ ಒಂದು ಮನೆ ಇರುತ್ತದೆ. ಕೊಳ್ಳುವುದಾದರೆ ಆ ಮನೆಯನ್ನು ನೀವೇ ಹುಡುಕಬೇಕು. ಓಟ ನಿಂತ ಮೇಲೆ ಅವಳನ್ನು ಯಾರು ಸಾಕುತ್ತಾರೆ ಅನ್ನುವುದನ್ನು ಕೊಳ್ಳುವ ದಿನವೇ ಬರೆದಿಡಿ. ನಾವು ಬರೆದಿಟ್ಟಿದ್ದೇವೆ. ತಿಂಗಳ ಖರ್ಚಿನ ಜೊತೆ ಸ್ವಲ್ಪ ಸೇರಿಸಿ ಅದಕ್ಕಾಗಿಯೇ ಬೇರೆ ಖಾತೆಯಲ್ಲಿ ಹಾಕುತ್ತೇವೆ. ನಮಗೆ ಸಂತೋಷ ಕೊಟ್ಟ ಪ್ರಾಣಿಯನ್ನು ಆಮೇಲೆ ಯಾರದೋ ಕೈಗೆ ತಳ್ಳುವುದು ನನ್ನಿಂದ ಆಗದು.

ನಿಮ್ಮ ಹೆಸರು ಕ್ಲಬ್ಬಿನಲ್ಲಿ ಪಾಲುದಾರರಾಗಿ ನೋಂದಣಿ ಆಗಬೇಕು. 'ಹೆಸರು ಒಬ್ಬರದಿರಲಿ, ನಾವು ನಾವೇ ನೋಡಿಕೊಳ್ಳೋಣ' ಅಂದರೆ ಒಪ್ಪಬೇಡಿ. ಗೆಳೆತನ ಎಷ್ಟೇ ಗಟ್ಟಿ ಇರಲಿ. ಓಡುವಾಗ ಜಾಕಿ ತೊಡುವುದು ಒಬ್ಬರ ಹೆಸರಿನಲ್ಲಿರುವ ಬಣ್ಣದ ಅಂಗಿ, ಅದು ಯಾರದು ಅನ್ನುವುದಕ್ಕೂ ಜಗಳ ಆದದ್ದು ಕೇಳಿದ್ದೇನೆ. ಮೊದಲೇ ಮಾತಾಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾಗಿ, ಓಡಿಸುವ ತೀರ್ಮಾನ ಟ್ರೇನರ್ ಮತ್ತು ಡಾಕ್ಟರದು ಅಂತ ಬರೆಸಿ. ಪಾಲುದಾರರಿಗೆ 'ಬೇಡ' ಅನ್ನುವ ಅಧಿಕಾರ ಇರಲಿ, 'ಓಡಿಸಲೇಬೇಕು' ಅನ್ನುವ ಅಧಿಕಾರ ಯಾರಿಗೂ ಬೇಡ. ಹತ್ತು ಜನ ಸೇರಿದಾಗ ಒಬ್ಬರ ಮನೆಯಲ್ಲಿ ಮದುವೆ, ಒಬ್ಬರ ತಮ್ಮ ದುಬೈಯಿಂದ ಬಂದಿರುತ್ತಾನೆ, ಆ ಭಾನುವಾರವೇ ಓಡಲಿ ಅಂತ ಎಲ್ಲರಿಗೂ ಆಸೆ. ಆಸೆ ತಪ್ಪಲ್ಲ. ರೇಸಿನಲ್ಲಿ ಆ ಎಳೆ ಹೃದಯ ನಿಮಿಷಕ್ಕೆ 200 ಸಲ ದಾಟಿ ಬಡಿಯುತ್ತದೆ, ಇಡೀ ಮೈಯ ಭಾರ ಒಂದು ಕ್ಷಣ ಒಂದೇ ಕಾಲಿನ ಮೇಲೆ ಬೀಳುತ್ತದೆ. ಕಾಲು ತಯಾರಿಲ್ಲ ಅಂತ ಅವಳು ಬಾಯಿಬಿಟ್ಟು ಹೇಳಲಾರಳು. ಅವಳ ಪರವಾಗಿ ಆ ಕಾಗದ ಹೇಳಬೇಕು.

ದುಡ್ಡು ಕೊಡುವ ಮುಂಚೆ ಒಂದು ಬೆಳಿಗ್ಗೆ ಗೆಳೆಯರ ಜೊತೆ ಕ್ಯಾಂಪಿನ ರೇಸ್‌ಕೋರ್ಸಿಗೆ ಹೋಗಿ, ಎಂಪ್ರೆಸ್ ಗಾರ್ಡನ್ ಪಕ್ಕದಲ್ಲೇ. ಬೆಳಕು ಹರಿಯುವ ಹೊತ್ತಿಗೇ ಅಲ್ಲಿರಿ. ಓಡಿ ಬಂದ ಮೇಲೆ ಅವಳ ಉಸಿರು ಎಷ್ಟು ಬೇಗ ತಹಬಂದಿಗೆ ಬರುತ್ತದೆ ನೋಡಿ. ಲಾಯದಲ್ಲಿ ಸೈಸ್ ಹತ್ತಿರ ಹೋದಾಗ ಕಿವಿ ಮುಂದಕ್ಕೆ ಮಾಡುತ್ತಾಳಾ, ಹಿಂದಕ್ಕೆ ಒತ್ತುತ್ತಾಳಾ ನೋಡಿ. ಮೊಣಕಾಲಿನ ಎಕ್ಸ್‌ರೇ ವರದಿ ಕೇಳಿ, ತಾರೀಕು ಓದಿ. ಹಳೆಯದಾದರೆ ಹೊಸದು ತೆಗೆಸಿ ಅನ್ನಿ. ಅದರ ಖರ್ಚು ಹಂಚಿಕೊಳ್ಳಲು ನಿಮ್ಮ ಗೆಳೆಯರು ಹಿಂದೆಮುಂದೆ ನೋಡಿದರೆ, ಈ ಸಲ ಬಿಟ್ಟುಬಿಡಿ. ಖುಷಿಯಿಂದ ಒಪ್ಪಿದರೆ ನಿಮ್ಮ ಪಾಲಿನ ಚೆಕ್ ಬರೆಯಿರಿ.