ಬೆಂಗಳೂರಿನ ಕಂಪನಿಗೆ ದಾವಣಗೆರೆಯ ಮನೆಯಿಂದ ಕೆಲಸ: ಇಂಟರ್‌ನೆಟ್, ಇನ್ವರ್ಟರ್ ಖರ್ಚಿಗೆ ತೆರಿಗೆ ವಿನಾಯಿತಿ ಸಿಗುತ್ತಾ?

ಸಂಬಳದವರಿಗೆ ನೇರವಾಗಿ ಸಿಗುವುದಿಲ್ಲ. ಕುರ್ಚಿ, ಇನ್ವರ್ಟರ್ ಬ್ಯಾಟರಿ ಬಿಲ್‌ಗಳನ್ನು ರಿಟರ್ನ್‌ಗೆಂದು ಸುಮ್ನೆ ಕೂಡಿಡಬೇಡಿ. ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ವರ್ಷದ ಸಂಬಳದಿಂದ ನೇರವಾಗಿ ಕಳೆಯುವ ಮೊತ್ತ, ಇದ್ದೇ ಇದೆ: ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ, ಹಳೆಯದರಲ್ಲಿ 50,000. ಅದಕ್ಕೆ ಬಿಲ್ ಬೇಕಿಲ್ಲ.

ದಾರಿ ಇರುವುದು ಕಂಪನಿ ಕಡೆಯಿಂದ. ಕೆಲಸಕ್ಕೆ ಕೊಟ್ಟ ಲ್ಯಾಪ್‌ಟಾಪ್‌ ಬಳಕೆಗೆ ತೆರಿಗೆ ಇಲ್ಲ. ಫೋನ್, ಇಂಟರ್‌ನೆಟ್ ಹಣವನ್ನು ಬಿಲ್ ನೋಡಿ ಮರಳಿಸುತ್ತಾರಾ ಅಂತ ಎಚ್‌ಆರ್‌ಗೆ ಕೇಳಿ. ಅದೇ ಹಣ ಭತ್ಯೆ ಅಂತ ಪ್ರತಿ ತಿಂಗಳು ಸಂಬಳದ ಜೊತೆ ಬಂದರೆ ತೆರಿಗೆ ಬೀಳುತ್ತದೆ.

ಜಾಸ್ತಿ ಗೊಂದಲ ಮನೆ ಬಾಡಿಗೆ ಭತ್ಯೆಯದ್ದು. ಇದು ಹಳೆ ಪದ್ಧತಿಯವರಿಗೆ ಮಾತ್ರ. ಆಫೀಸ್ ಬೆಂಗಳೂರಲ್ಲಿದ್ದರೂ ಲೆಕ್ಕ ನೀವು ವಾಸವಿರುವ ಊರಿನದು. ದಾವಣಗೆರೆಯ ವಿದ್ಯಾನಗರದಲ್ಲಿ ತಿಂಗಳಿಗೆ 8,000 ಬಾಡಿಗೆ, ಮೂಲ ವೇತನ 30,000, ಭತ್ಯೆ 12,000 ಅಂದುಕೊಳ್ಳಿ. ಬಾಡಿಗೆಯಿಂದ ಮೂಲ ವೇತನದ ಶೇ. 10 ಕಳೆದರೆ 5,000. ದಾವಣಗೆರೆಗೆ ಅನ್ವಯಿಸುವ ಮಿತಿ, ಮೂಲ ವೇತನದ ಶೇ. 40 ಅಂದರೆ 12,000. ಇವೆರಡು ಮತ್ತು ಸಿಗುವ ಭತ್ಯೆ, ಈ ಮೂರರಲ್ಲಿ ಕಡಿಮೆಯದ್ದು, ಅಂದರೆ ತಿಂಗಳಿಗೆ 5,000ಕ್ಕೆ ವಿನಾಯಿತಿ. ಸ್ವಂತ ಮನೆಯಾದರೆ ಏನೂ ಇಲ್ಲ. ಅಮ್ಮನ ಹೆಸರಿನ ಮನೆಯಾದರೆ ಬಾಡಿಗೆಯನ್ನು ನಿಜವಾಗಿ ಬ್ಯಾಂಕ್ ಮೂಲಕ ಕೊಡಿ. ಅದು ಅವರ ಆದಾಯವಾಗುತ್ತದೆ, ಮರೆಯಬೇಡಿ. ಬರೀ ಕಾಗದದ ರಸೀದಿ ಆಟ ಬೇಡ, ಅಲ್ವಾ?

ಫ್ರೀಲ್ಯಾನ್ಸರ್ ಆಗಿದ್ದರೆ ಕಥೆಯೇ ಬೇರೆ. ಕೆಲಸಕ್ಕೆ ಬಳಸಿದಷ್ಟು ಪಾಲು ಇಂಟರ್‌ನೆಟ್, ಕರೆಂಟ್ ಖರ್ಚನ್ನು ಆದಾಯದಿಂದ ಕಳೆಯಬಹುದು.