ಕತ್ತರಿಸದೇ, ಬರೀ ಸ್ಕ್ಯಾನ್ ಮಾಡಿ ಮಚ್ಚೆ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಬಹುದಾ?

ನೀವು ಕೇಳಿದ್ದು ಇಷ್ಟು: ಅಂಗಾಲಿನಲ್ಲಿ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡ ಕಪ್ಪು ಮಚ್ಚೆ ಇದೆ, ಬಯಾಪ್ಸಿ (ಚರ್ಮದ ಚೂರು ತೆಗೆದು ಪರೀಕ್ಷೆ) ಮಾಡಿಸಬೇಕಾಗಬಹುದು ಅಂತ ಡಾಕ್ಟರ್ ಅಂದಿದ್ದಾರೆ, ಕತ್ತರಿಸದೇ ಯಾವುದಾದರೂ ಸ್ಕ್ಯಾನ್‌ನಲ್ಲಿ ಗೊತ್ತಾಗಲ್ವಾ, ಮೊಬೈಲ್ ಆ್ಯಪ್ ನಂಬಬಹುದಾ ಅಂತ.

ನಾನು ಚರ್ಮದ ಡಾಕ್ಟರ್. ಮಚ್ಚೆ ನೋಡುವುದು ನನಗೆ ದಿನದ ಕೆಲಸ. ಒಂದೇ ಮಾತಲ್ಲಿ ಹೇಳುವುದಾದರೆ, "ಇದು ಬರೀ ಮಚ್ಚೆ, ನಿಶ್ಚಿಂತೆಯಾಗಿರಿ" ಎನ್ನಲು ಸ್ಕ್ಯಾನ್ ಎಷ್ಟೋ ಸಲ ಸಾಕು. "ಇದು ಮೆಲನೋಮ" (ಚರ್ಮದ ಬಣ್ಣದ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್) ಎಂದು ಬರೆದುಕೊಡಲು ಮಾತ್ರ ಚರ್ಮದ ಚೂರು ಬೇಕೇ ಬೇಕು. ಬೇಡದ ಬಯಾಪ್ಸಿ ತಪ್ಪಿಸುವುದು ಸ್ಕ್ಯಾನ್‌ನ ಕೆಲಸ, ಬೇಕಾದ ಬಯಾಪ್ಸಿ ತಪ್ಪಿಸುವುದಲ್ಲ.

ಸ್ಕ್ಯಾನ್ ಅಂದ ತಕ್ಷಣ ದೊಡ್ಡ ಮಷಿನ್ ಕಣ್ಣ ಮುಂದೆ ಬರುತ್ತೆ ಅಲ್ವಾ? ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬರುವುದು ಜೇಬಿನಲ್ಲಿ ಹಿಡಿಸುವ ಡರ್ಮೋಸ್ಕೋಪ್. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಸುತ್ತ ಪುಟ್ಟ ಲೈಟುಗಳು, ಅಷ್ಟೇ. ಹಾಗಾದರೆ ಭೂತಗನ್ನಡಿ ಸಾಲದಾ? ಸಾಲದು. ಚರ್ಮದ ಮೇಲಿನ ಒಣ ಪದರ ಬೆಳಕನ್ನು ಅಲ್ಲಿಂದಲೇ ವಾಪಸ್ ಕಳಿಸಿಬಿಡುತ್ತದೆ. ಬಿಸಿಲಲ್ಲಿ ಕೆರೆ ದಂಡೆಯಲ್ಲಿ ನಿಂತರೆ ನೀರಿನ ಹೊಳಪು ಕಾಣುತ್ತದೆ, ಮೀನು ಕಾಣಲ್ಲ, ಹಾಗೆ. ಒಂದಿಷ್ಟು ಜೆಲ್ ಸವರಿ ಗಾಜು ಒತ್ತಿದರೆ, ಇಲ್ಲವೇ ಪೋಲರೈಸ್ಡ್ ಬೆಳಕು ಬಿಟ್ಟರೆ, ಆ ಹೊಳಪು ಹೋಗಿ ಒಳಗಿನದು ಕಾಣುತ್ತದೆ.

ಅಲ್ಲಿ ಬಣ್ಣವೇ ಆಳ ಹೇಳುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತೀರಾ ಮೇಲಿದ್ದರೆ ಕಪ್ಪಾಗಿ ಕಾಣುತ್ತದೆ, ಸ್ವಲ್ಪ ಕೆಳಗಿದ್ದರೆ ಕಂದು, ಇನ್ನೂ ಆಳಕ್ಕೆ ಇಳಿದರೆ ಬೂದು ಅಥವಾ ನೀಲಿ. ಒಂದೇ ಮಚ್ಚೆಯಲ್ಲಿ ಇವೆಲ್ಲ ಅಡ್ಡಾದಿಡ್ಡಿ ಬೆರೆತಿದ್ದರೆ ನಾನು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತೇನೆ.

ಅಂಗಾಲಿನ ಮಚ್ಚೆಗೆ ಬೇರೆಯೇ ಲೆಕ್ಕ. ಅಲ್ಲಿನ ಚರ್ಮದಲ್ಲಿ ಬೆರಳಚ್ಚಿನ ಥರ ಗೆರೆಗಳಿವೆ. ಹೊಲದ ಸಾಲು-ಬೋದು ನೆನೆಸಿಕೊಳ್ಳಿ: ತಗ್ಗು ಸಾಲು, ಉಬ್ಬು ಬೋದು. ಮಾಮೂಲಿ ಮಚ್ಚೆಯ ಬಣ್ಣ ಹೆಚ್ಚಾಗಿ ತಗ್ಗಿನಲ್ಲಿ ತೆಳು ಗೆರೆಯಾಗಿ ನಿಲ್ಲುತ್ತದೆ. ಮೆಲನೋಮದ ಬಣ್ಣ ಉಬ್ಬಿನ ಮೇಲೆ ಅಗಲವಾಗಿ ಹರಡುತ್ತದೆ. ಯಾವುದು ತಗ್ಗು, ಯಾವುದು ಉಬ್ಬು ಅಂತ ಗೊಂದಲವಾದರೆ ಬೆವರಿನ ರಂಧ್ರ ಹುಡುಕುತ್ತೇವೆ. ಅವು ಬಾಯಿ ತೆರೆಯುವುದು ಉಬ್ಬಿನ ನೆತ್ತಿಯಲ್ಲಿ. ಲೆನ್ಸ್‌ನಲ್ಲಿ ಪೋಣಿಸಿದ ಬಿಳಿ ಮಣಿಗಳ ಹಾಗೆ ಕಾಣುತ್ತವೆ. ನನಗೆ ಈಗಲೂ ನೋಡಲು ಇಷ್ಟ ಅದು.

ಇದನ್ನು ಬಿಡಿಸಿ ತೋರಿಸಿದವರು ಜಪಾನಿನ ತೋಶಿಯಾಕಿ ಸೈದಾ ಮತ್ತವರ ಜೊತೆಗಾರರು. ಅವರ ಪ್ರಕಾರ ಉಬ್ಬಿನ ಮೇಲೆ ಬಣ್ಣ ಇದ್ದರೆ ಅಳತೆ ಎಷ್ಟೇ ಇರಲಿ, ಬಯಾಪ್ಸಿ. ಮಾಮೂಲಿ ಮಚ್ಚೆಯ ಗುರುತು ಸ್ಪಷ್ಟವಾಗಿದ್ದರೆ ಕತ್ತರಿಸುವುದು ಬೇಡ. ಎರಡೂ ಅಲ್ಲ ಅನ್ನಿಸಿದರೆ 7 ಮಿಲಿಮೀಟರ್ ದಾಟಿದ್ದಕ್ಕೆ ಬಯಾಪ್ಸಿ, ಚಿಕ್ಕದಿದ್ದರೆ ಕೆಲವು ತಿಂಗಳಿಗೊಮ್ಮೆ ಫೋಟೋ ತೆಗೆದು ಹೋಲಿಸಿ ನೋಡುವುದು.

ಕಪ್ಪು, ಕಂದು ಚರ್ಮದವರಲ್ಲಿ ಮೆಲನೋಮ ಅಪರೂಪ. ಆದರೆ ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಬರುವುದು ಜಾಸ್ತಿ. ಗಾಯಕ ಬಾಬ್ ಮಾರ್ಲಿಗೆ ಬಂದಿದ್ದು ಕಾಲ್ಬೆರಳಿನ ಉಗುರಿನ ಅಡಿಯಲ್ಲೇ. 1981ರಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ. ಹೆದರಿಸಲು ಹೇಳುತ್ತಿಲ್ಲ. ಅಂಗಾಲಿನ ಮಚ್ಚೆಯನ್ನು ನಿಮ್ಮ ಡಾಕ್ಟರ್ ಯಾಕೆ ಹಗುರವಾಗಿ ಬಿಡಲಿಲ್ಲ ಅಂತ ಗೊತ್ತಾಗಲಿ ಎಂದು.

ಒಮ್ಮೆ ಒಬ್ಬರು ಹಿಮ್ಮಡಿಯ ಕಪ್ಪು ಕಲೆ ತೋರಿಸಲು ಬಂದಿದ್ದರು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಲೆನ್ಸ್ ಇಟ್ಟರೆ ಕೆಂಪು ಮಿಶ್ರಿತ ಕಪ್ಪು ಉಂಡೆಗಳು. ಬ್ಲೇಡಿನ ತುದಿಯಿಂದ ಮೇಲಿನ ಸತ್ತ ಚರ್ಮ ಕೆರೆದೆ, ಕಲೆಯೂ ಜೊತೆಗೇ ಉದುರಿತು. ಆಟ ಆಡುವಾಗ ಚರ್ಮದೊಳಗೆ ಹೆಪ್ಪುಗಟ್ಟಿದ ರಕ್ತ, ಅಷ್ಟೇ. ನೋವೂ ಆಗಲಿಲ್ಲ. (ದಯವಿಟ್ಟು ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ.)

ಉಲ್ಟಾ ಕೂಡ ಆಗಿದೆ. ಗುಲಾಬಿ ಬಣ್ಣದ ಒಂದು ಗಂಟು, ಕಪ್ಪು ಒಂದು ಚುಕ್ಕೆಯೂ ಇಲ್ಲ. ಗಾಯದ ಮೇಲೆ ಬೆಳೆದ ಮಾಂಸ ಇರಬೇಕು ಅಂದುಕೊಂಡು ಎರಡು ವಾರ ಮುಲಾಮು ಕೊಟ್ಟೆ. ಇಳಿಯಲಿಲ್ಲ. ಬಯಾಪ್ಸಿಯಲ್ಲಿ ಮೆಲನೋಮ ಬಂತು, ಬಣ್ಣವೇ ಇಲ್ಲದ ಬಗೆ. ಲೆನ್ಸ್ ಸುಳ್ಳು ಹೇಳಿರಲಿಲ್ಲ, ಅಡ್ಡಾದಿಡ್ಡಿ ರಕ್ತನಾಳಗಳನ್ನು ತೋರಿಸಿತ್ತು. ನಾನು ಓದಲಿಲ್ಲ.

ಇನ್ನು ದೊಡ್ಡ ಮಷಿನ್‌ಗಳ ವಿಷಯ. ಕಾನ್‌ಫೋಕಲ್ ಮೈಕ್ರೋಸ್ಕೋಪಿ ನಿಜಕ್ಕೂ ಬೆರಗಿನ ಉಪಕರಣ. ಕಣ್ಣಿಗೆ ಹೆಚ್ಚುಕಡಿಮೆ ಕಾಣದಂಥ 830 ನ್ಯಾನೋಮೀಟರ್ ಲೇಸರ್ ಬಿಟ್ಟು, ಬದುಕಿರುವ ಚರ್ಮದ ಜೀವಕೋಶಗಳನ್ನೇ ಪರದೆ ಮೇಲೆ ತೋರಿಸುತ್ತದೆ. ಬಣ್ಣ ಇಲ್ಲ, ಬರೀ ಕಪ್ಪು ಬಿಳುಪು. ತಮಾಷೆ ಅಂದರೆ ಕಪ್ಪು ಮೆಲನಿನ್ ಇಲ್ಲಿ ಬೆಳ್ಳಗೆ ಹೊಳೆಯುತ್ತದೆ. ಮಿಲಿಂದ್ ರಾಜಾಧ್ಯಕ್ಷ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಲೇಖನ ತೋರಿಸಿದ್ದು ಇದನ್ನೇ. ಮುಖದ ಮೇಲಿನ ಮಚ್ಚೆಗೆ, ಕತ್ತರಿಸಿದರೆ ಕಲೆ ಉಳಿಯುವ ಜಾಗಕ್ಕೆ, ಇದು ವರ. ಆದರೆ ಅದರ ಕಣ್ಣು ಇಳಿಯುವುದು ಕಾಲು ಮಿಲಿಮೀಟರ್‌ನಷ್ಟು ಮಾತ್ರ. ಅಂಗಾಲಿನ ಸತ್ತ ಪದರವೇ ಅದಕ್ಕಿಂತ ದಪ್ಪ ಇರುತ್ತದೆ. ಹಾಗಾಗಿ ಊರೆಲ್ಲ ಹುಡುಕಿ ಈ ಮಷಿನ್ ಇರುವ ಕಡೆ ಹೋದರೂ ನಿಮಗೆ ಹೆಚ್ಚು ಉಪಯೋಗವಿಲ್ಲ.

ಓಸಿಟಿ ಅಂತ ಇನ್ನೊಂದಿದೆ, ಕಣ್ಣಾಸ್ಪತ್ರೆಯಲ್ಲಿ ರೆಟಿನಾಗೆ ಮಾಡುತ್ತಾರಲ್ಲ, ಅದೇ. ಒಂದರಿಂದ ಎರಡು ಮಿಲಿಮೀಟರ್ ಆಳದವರೆಗೆ ಕೇಕ್ ಕತ್ತರಿಸಿದ ಹಾಗೆ ಪದರ ಪದರವಾಗಿ ತೋರಿಸುತ್ತದೆ. ಬೇಸಲ್ ಸೆಲ್ ಕಾರ್ಸಿನೋಮ ಎಂಬ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್‌ಗೆ ಚೆನ್ನಾಗಿದೆ, ಕಪ್ಪು ಮಚ್ಚೆಗೆ ಅಷ್ಟಿಲ್ಲ. ಚರ್ಮಕ್ಕೆ ಮಾಡುವ 20 ಮೆಗಾಹರ್ಟ್ಸ್ ಅಲ್ಟ್ರಾಸೌಂಡ್ ಗಡ್ಡೆಯ ದಪ್ಪ ಅಳೆಯುತ್ತದೆ, ಆದರೆ ಅದು ಕೆಟ್ಟದ್ದಾ ಒಳ್ಳೆಯದಾ ಅಂತ ಹೇಳಲ್ಲ. ಸುತ್ತ ಊತ ಇದ್ದರೆ ದಪ್ಪವನ್ನೂ ಜಾಸ್ತಿ ತೋರಿಸುತ್ತದೆ.

ಮೊಬೈಲ್ ಆ್ಯಪ್ ಬಗ್ಗೆ ಕೊನೆಯಲ್ಲಿ ಕೇಳಿದ್ದೀರಿ. ಸ್ಟ್ಯಾನ್‌ಫರ್ಡ್‌ನವರು 2017ರಲ್ಲಿ ಸುಮಾರು 1.3 ಲಕ್ಷ ಚಿತ್ರ ಕಲಿಸಿದ ಕಂಪ್ಯೂಟರ್, 21 ಚರ್ಮದ ಡಾಕ್ಟರ್‌ಗಳಿಗೆ ಸರಿಸಮ ಅಂತ ತೋರಿಸಿದ್ದು ನಿಜ. ಆಮೇಲೆ 2019ರಲ್ಲಿ ಇನ್ನೊಂದು ತಂಡ ಕಂಡುಕೊಂಡಿದ್ದೇನು ಗೊತ್ತಾ? ಸಾಧಾರಣ ಮಚ್ಚೆಯ ಪಕ್ಕ ಡಾಕ್ಟರ್ ಪೆನ್ನಿನಲ್ಲಿ ನೇರಳೆ ಗುರುತು ಹಾಕಿದ್ದರೆ ಸಾಕು, ಕಂಪ್ಯೂಟರ್ ಅದನ್ನು ಮೆಲನೋಮ ಅನ್ನುವುದು ಜಾಸ್ತಿಯಾಗುತ್ತಿತ್ತು. ಮಚ್ಚೆ ಜೊತೆಗೆ ಶಾಯಿಯನ್ನೂ ಅದು ಓದುತ್ತಿತ್ತು! ಜೊತೆಗೆ ಇಂಥ ಕಂಪ್ಯೂಟರ್‌ಗಳಿಗೆ ಕಲಿಸಿದ ಚಿತ್ರಗಳಲ್ಲಿ ಬಿಳಿ ಚರ್ಮದ್ದೇ ಹೆಚ್ಚು. ಅಂಗಾಲಿನ ಮಚ್ಚೆಗೆ ಆ್ಯಪ್ "ಸೇಫ್" ಅಂದರೆ ನಾನಂತೂ ನಂಬಲ್ಲ.

ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತೆ ಅನ್ನುವ ಭಯ ನಿಮ್ಮ ಪ್ರಶ್ನೆಯಲ್ಲಿ ಇಣುಕುತ್ತಿದೆ. ಮೆಲನೋಮದಲ್ಲಿ ಆ ಭಯ ಬೇಡ. ಬಯಾಪ್ಸಿಯಿಂದ ಸಿಗುವ ಮುಖ್ಯ ಮಾಹಿತಿ ಎಂದರೆ ಗಡ್ಡೆ ಎಷ್ಟು ಮಿಲಿಮೀಟರ್ ಆಳ ಇಳಿದಿದೆ ಎನ್ನುವುದು. 1970ರಲ್ಲಿ ಬ್ರೆಸ್ಲೋ ಎಂಬ ಡಾಕ್ಟರ್ ಹೇಳಿಕೊಟ್ಟ ಈ ಅಳತೆಯ ಮೇಲೆಯೇ ಇವತ್ತಿಗೂ ಗಡ್ಡೆಯ ಸುತ್ತ ಎಷ್ಟು ಅಗಲ ಚರ್ಮ ತೆಗೆಯಬೇಕು ಎಂದು ನಿರ್ಧಾರವಾಗುತ್ತದೆ.

ಈಗ ನೀವು ಮಾಡಬೇಕಾದ್ದು: ಡರ್ಮೋಸ್ಕೋಪ್ ಇಟ್ಟು ನೋಡಿದ್ದರಾ, ಬಣ್ಣ ತಗ್ಗಿನಲ್ಲಿದೆಯಾ ಉಬ್ಬಿನಲ್ಲಿದೆಯಾ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ನೋಡಿಲ್ಲ ಎಂದರೆ ನೋಡುವವರ ಹತ್ತಿರ ಬೇಗ ಹೋಗಿ. ನೋಡಿಯೇ ಬಯಾಪ್ಸಿ ಅಂದಿದ್ದರೆ ಮಾಡಿಸಿಬಿಡಿ. ಹೋಗುವ ಮುಂಚೆ ಮಚ್ಚೆಯ ಪಕ್ಕ ಸ್ಕೇಲ್ ಇಟ್ಟು, ಒಳ್ಳೆ ಬೆಳಕಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಹಳೆಯ ಫೋಟೋ ಯಾವುದರಲ್ಲಾದರೂ ಅಂಗಾಲು ಬಿದ್ದಿದೆಯಾ ಅಂತಲೂ ಹುಡುಕಿ. "ಮುಂಚೆ ಹೇಗಿತ್ತು?" ಅಂತ ಕೇಳಿದಾಗ ಹತ್ತರಲ್ಲಿ ಒಂಬತ್ತು ಜನ ಸುಮ್ನೆ ಮುಖ ನೋಡುತ್ತಾರೆ.