ಚಪ್ಪಟೆ ಲೆನ್ಸ್‌ನಲ್ಲಿ ಸೆರಗಿನ ಎಳೆ ಎಣಿಸಬಹುದೇ?

ಪ್ರಶ್ನೆ: ಸೀರೆಯ ಎಳೆ ಎಣಿಸಲು ಭೂತಗನ್ನಡಿ ಬಳಸುತ್ತೇವೆ. ಸಂತೆಯಲ್ಲಿ ಹಾಳೆಯಂಥ ಪ್ಲಾಸ್ಟಿಕ್ ಲೆನ್ಸ್ ಸಿಕ್ಕಿತು. ಈಗ ಎಲ್ಲರೂ ಹೇಳುವ ನ್ಯಾನೊ ಲೆನ್ಸ್ ಇದೇನಾ? ನಮ್ಮ ಕೆಲಸಕ್ಕೆ ಬರುತ್ತದಾ?
— ಒಬ್ಬ ನೇಕಾರರು, ಇಳಕಲ್, ಬಾಗಲಕೋಟೆ ಜಿಲ್ಲೆ

ಉತ್ತರ: ಅಲ್ಲ. ಉಗುರಿನಿಂದ ಸವರಿ ನೋಡಿ. ಸುತ್ತು ಸುತ್ತಾದ ಗೀರು ತಾಗಿದರೆ ಅದು ಫ್ರೆನೆಲ್ ಲೆನ್ಸ್. ಅಕ್ಷರ ಓದಲು ಸಾಕು, ಎಳೆ ಎಣಿಸುವಷ್ಟು ಚೊಕ್ಕ ಕಾಣದು.

ನೀವು ಕೇಳಿದ್ದು ಮೆಟಾಲೆನ್ಸ್. ಗಾಜಿನ ಮೇಲೆ ಟೈಟಾನಿಯಂ ಡೈಆಕ್ಸೈಡ್‌ನ ಸಣ್ಣ ಕಂಬಗಳನ್ನು ನಿಲ್ಲಿಸಿರುತ್ತಾರೆ. 2016ರಲ್ಲಿ ಹಾರ್ವರ್ಡ್‌ನ ಫೆಡೆರಿಕೊ ಕಪಾಸೊ ತಂಡ ಮಾಡಿದ್ದರಲ್ಲಿ ಕಂಬದ ಎತ್ತರ 600 ನ್ಯಾನೊಮೀಟರ್. ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲೂ ಇಲ್ಲ. ದುಂಡು ಕಂಬ ದಪ್ಪವಾದಷ್ಟೂ ಬೆಳಕು ಹೆಚ್ಚು ತಡವಾಗುತ್ತದೆ. ಎಲ್ಲಿ ಎಷ್ಟು ತಡ ಎಂದು ಲೆಕ್ಕ ಹಾಕಿ ದಪ್ಪ ಬದಲಿಸಿದರೆ ಉಬ್ಬುಗಾಜಿಲ್ಲದೆ ಬೆಳಕು ಒಂದೆಡೆ ಕೂಡುತ್ತದೆ. ಕಂಬಗಳ ನಡುವೆ 350 ನ್ಯಾನೊಮೀಟರ್ ಅಂತರವಿಟ್ಟರೆ ಒಂದು ಚದರ ಮಿಲಿಮೀಟರಿಗೆ ಸುಮಾರು 80 ಲಕ್ಷ ಕಂಬ!

ತೊಡಕು ಬಣ್ಣದ್ದು. ಹಸಿರಿಗೆ (ತರಂಗಾಂತರ 532 ನ್ಯಾನೊಮೀಟರ್) 30 ಮಿ.ಮೀ. ದೂರದಲ್ಲಿ ಕೂಡುವ ಸಾದಾ ಮೆಟಾಲೆನ್ಸ್‌ನಲ್ಲಿ ಕೆಂಪು (660) 24ಕ್ಕೇ ಕೂಡುತ್ತದೆ, ನೀಲಿ (450) 35 ದಾಟುತ್ತದೆ. ಬಿಸಿಲಲ್ಲಿ ಹಿಡಿದರೆ ಎಳೆಯ ಅಂಚಿಗೆಲ್ಲ ಬಣ್ಣದ ಮಬ್ಬು. ಬಣ್ಣ ತಿದ್ದುವ ವಿನ್ಯಾಸಗಳಿವೆ, ಆದರೆ ಲೆನ್ಸ್ ಅಗಲವಾದಷ್ಟೂ ಅದು ಕಷ್ಟ.

ಮೆಟಾಲೆನ್ಸ್ ಕೈಗೆ ಸಿಕ್ಕರೆ ಹಸಿರು ಎಲ್‌ಇಡಿ ಒಂದನ್ನೇ ಹಚ್ಚಿ, ಉಳಿದ ಬೆಳಕು ತಡೆಯಿರಿ. ಎಲ್‌ಇಡಿಯ ಹಸಿರೂ 30 ನ್ಯಾನೊಮೀಟರಿನಷ್ಟು ಹರಡಿರುವುದರಿಂದ 10 ನ್ಯಾನೊಮೀಟರಿನಷ್ಟು ಹರವನ್ನು ಮಾತ್ರ ಬಿಡುವ ಫಿಲ್ಟರ್ ಹಾಕಿದರೆ ಅಂಚು ಇನ್ನೂ ಹರಿತ. ನಿಮ್ಮ ಕೆಂಪು ಸೆರಗಿಗೆ ಇದು ಹೇಳಿಮಾಡಿಸಿದಂತಿದೆ: ಹಸಿರು ಬೆಳಕಲ್ಲಿ ಕೆಂಪೆಳೆ ಕಪ್ಪಾಗಿ, ಬಿಳಿಯೆಳೆ ಬೆಳ್ಳಗೆ ಎದ್ದು ಕಾಣುತ್ತದೆ. ಈ ಬೆಳಕಿನ ಉಪಾಯವನ್ನು ಹಳೆಯ ಭೂತಗನ್ನಡಿಗೂ ಇಂದೇ ಮಾಡಿ ನೋಡಿ. ಕೊಳ್ಳಲು ಮಾತ್ರ ಸದ್ಯ ಅವಸರ ಬೇಡ.

ಪ್ರಶ್ನೆ: ಪ್ರಯೋಗಕ್ಕೆ ತರಿಸಿದ ಮೆಟಾಲೆನ್ಸ್‌ಗೆ ಬೆರಳು ತಾಗಿದ ಮೇಲೆ ಬಿಂಬ ಮಂಕಾಗಿದೆ. ಒರೆಸಬಹುದೇ?
— ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಬಟ್ಟೆ ಮುಟ್ಟಿಸಬೇಡಿ, ಕಂಬ ಮುರಿಯುತ್ತವೆ. ಕಂಬದ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ನಿಧಾನಿಸುತ್ತದೆ ಎಂಬ ಅಳತೆ) ಸುಮಾರು 2.4, ಗಾಳಿಯದು 1. ಬೆರಳಿನ ಜಿಡ್ಡು (ಸುಮಾರು 1.5) ಸಂದಿಗೆ ಇಳಿದರೆ ವ್ಯತ್ಯಾಸ 1.4ರಿಂದ 0.9ಕ್ಕೆ ಇಳಿದು ಲೆಕ್ಕವೆಲ್ಲ ತಪ್ಪುತ್ತದೆ. ಧೂಳಾದರೆ ರಬ್ಬರ್ ಬಲ್ಬಿನಿಂದ ಗಾಳಿ ಊದಿ. ಜಿಡ್ಡಿಗೆ ಯಾವ ದ್ರಾವಣ ಎಂಬುದನ್ನು ಮಾರಿದವರನ್ನೇ ಕೇಳಿ. ಮುಂದೆ ತರಿಸುವಾಗ ಮೇಲೆ ಗಾಜು ಮುಚ್ಚಿದ್ದನ್ನೇ ಕೇಳಿ ತರಿಸಿ.